ಇವತ್ತು ಎಷ್ಟು ಹುಟ್ಟಿತು, ಟೀಚರೇ?

ಆಗಸ್ಟ್ ೧೭, ಭಾನುವಾರ. ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷಕ್ಕೆ ಪತ್ರಿಕೆಯೊಂದಕ್ಕೆ ಕಳಿಸಲೆಂದು ಇದನ್ನು ಬರೆಯಲು ಕೂತೆ. ನಮ್ಮ ಪಕ್ಕದ ಮನೆಯ ಅಕ್ಕ ತೀರಿಕೊಂಡು ಇಂದಿಗೆ ನಲವತ್ತೊಂದು ದಿನ. ನನ್ನ ದಿನಚರಿಯಲ್ಲಿ ಅವರ ಮಾತು ಬಂದ ಪುಟಗಳನ್ನು ನಿನ್ನೆ ಎಣಿಸಿದೆ. ಈ ವರ್ಷದ್ದು ಮಾತ್ರ ಅರವತ್ತಮೂರು. ನನ್ನ ಸ್ವಂತ ಅಕ್ಕನ ಬಗ್ಗೆ ಅಷ್ಟು ಪುಟ ಇಲ್ಲ.

ಹೆಸರು ಬರೆಯುವುದಿಲ್ಲ. ಅವರ ಹೆಸರು ಬೀಡಿ ಕೆಲಸದ ಕಾರ್ಡಿನಲ್ಲಿ ಇತ್ತು, ರೇಷನ್ ಕಾರ್ಡಿನಲ್ಲಿ ಇತ್ತು, ಉಳಿದ ಕಡೆ ಅವರು ಅದನ್ನು ಬಳಸಿದ್ದು ನಾನು ನೋಡಿಲ್ಲ. ನನ್ನ ತಾಯಿ, ಉಮ್ಮ, ಅವರನ್ನು ಅಕ್ಕ ಎನ್ನುತ್ತಿದ್ದಳು, ಹಾಗಾಗಿ ನಾನೂ. ಅವರು ನನ್ನನ್ನು, ನಾನು ಬೆಳ್ತಂಗಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡಲು ಸೇರಿದ ದಿನದಿಂದ, ‘ಟೀಚರೇ’ ಎಂದು ಕರೆದರು. ಅದಕ್ಕೂ ಮೊದಲು ‘ಮೂಗು ಒರೆಸು’ ಎಂದು ಕರೆಯುತ್ತಿದ್ದರು.

ಮೆಲ್ಕಾರಿನ ಹೆದ್ದಾರಿಯಿಂದ ಕೆಳಗೆ ಇಳಿಯುವ ಓಣಿಯಲ್ಲಿ ನಮ್ಮ ಎರಡು ಮನೆಗಳಿಗೂ ಒಂದೇ ಗೋಡೆ. ಮಧ್ಯಾಹ್ನದ ಊಟ ಆದ ಮೇಲೆ ಉಮ್ಮ, ಅಕ್ಕ, ಓಣಿಯ ಇನ್ನಿಬ್ಬರು ನಮ್ಮ ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟು ಬೀಡಿ ಸುತ್ತಲು ಕೂರುತ್ತಿದ್ದರು. ನಾನು ಮಗುವಾಗಿದ್ದಾಗ ಅವರ ಮಧ್ಯೆ ಮಲಗಿ ನಿದ್ದೆ ಮಾಡುತ್ತಿದ್ದೆ. ನಾಲ್ಕು ಗಂಟೆಯ ಬಿಸಿಲು ಹಂಚಿನ ಸಂದಿಯಿಂದ ಕೋಲಿನ ಹಾಗೆ ಇಳಿಯುತ್ತಿತ್ತು. ಆ ಕೋಲಿನೊಳಗೆ ಹೊಗೆಸೊಪ್ಪಿನ ಪುಡಿ ಬಂಗಾರದ ಬಣ್ಣಕ್ಕೆ ತಿರುಗಿ, ಮೇಲೂ ಹೋಗದೆ ಕೆಳಗೂ ಬೀಳದೆ ತೇಲುತ್ತಿತ್ತು. ಒದ್ದೆ ಎಲೆಯ ವಾಸನೆ, ಕತ್ತರಿಯ ಶಬ್ದ, ದೂರದಲ್ಲಿ ಲಾರಿಗಳು. ಇವತ್ತಿಗೂ ಎಲ್ಲಾದರೂ ಆ ವಾಸನೆ ಬಂದರೆ ನನಗೆ ನಿದ್ದೆ ಬರುತ್ತದೆ. ಬಸ್ಸಿನಲ್ಲಿ ಎರಡು ಸಲ ಸ್ಟಾಪ್ ದಾಟಿ ಹೋಗಿದ್ದೇನೆ.

ಅಕ್ಕ ಎಂಟನೇ ವಯಸ್ಸಿಗೆ ಸುತ್ತಲು ಕಲಿತವರು. ಹೋಗುವಾಗ ಅರವತ್ತೊಂದು. ಅವರು ಎಲೆಯನ್ನು ನೋಡುತ್ತಿರಲಿಲ್ಲ. ಕಣ್ಣು ರಸ್ತೆಯ ಮೇಲೆ, ಬಾಯಿ ಯಾರದೋ ಮದುವೆಯ ಮೇಲೆ, ಬೆರಳು ಮಾತ್ರ ಎಲೆಯ ಮೇಲೆ. ಪುಡಿ ಚಿವುಟಿ, ಹರಡಿ, ಉರುಳಿಸಿ, ತುದಿ ಮಡಚಿ, ಕೆಂಪು ನೂಲು ಸುತ್ತಿ ಎಸೆದರೆ ಮೊರದಲ್ಲಿ ಒಂದು ಬೀಡಿ. ಇಪ್ಪತ್ತೈದರ ಕಟ್ಟಿನಲ್ಲಿ ಯಾವುದು ಮೊದಲನೆಯದು, ಯಾವುದು ಕೊನೆಯದು ಎಂದು ಅವರನ್ನು ಹೆತ್ತ ತಾಯಿಗೂ ಹೇಳಲು ಸಾಧ್ಯವಿರಲಿಲ್ಲ. ಬೀಡಿ ಒಪ್ಪಿಸುವ ಕಂಪನಿಯ ಬ್ರಾಂಚಿನ ಚೆಕ್ಕರ್ ಎಲ್ಲರ ಕಟ್ಟನ್ನೂ ಹಿಸುಕಿ ನೋಡಿ ಕೆಲವನ್ನು ಬಿಸಾಡುವವನು. ಅಕ್ಕನ ಕಟ್ಟನ್ನು ಮುಟ್ಟದೆ ಒಳಗೆ ಹಾಕುತ್ತಿದ್ದ. “ನಾಚಿಕೆ ಅವನಿಗೆ,” ಎನ್ನುತ್ತಿದ್ದರು ಅಕ್ಕ.

ಅವರು ಒಂದು ಬೀಡಿಯನ್ನೂ ಸೇದಿದವರಲ್ಲ. ವೀಳ್ಯಕ್ಕೂ ಹೊಗೆಸೊಪ್ಪು ಹಾಕುತ್ತಿರಲಿಲ್ಲ. ಇದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಅಕ್ಕನ ಒಬ್ಬಳೇ ಮಗಳನ್ನು ಮೂಡುಬಿದಿರೆಗೆ ಕೊಟ್ಟದ್ದು. ಆಕೆಗೆ ಅವಳಿ ಹೆಣ್ಣುಮಕ್ಕಳು, ಧನ್ಯ ಮತ್ತು ಮಾನ್ಯ. ಈ ವರ್ಷದ ಆರಂಭಕ್ಕೆ ಅವರಿಗೆ ಎರಡು ವರ್ಷ ತುಂಬಿ ಕೆಲವು ತಿಂಗಳು. ಅಪ್ಪನಿಗೆ, ಅಮ್ಮನಿಗೆ, ಎದುರಿನ ಅಂಗಡಿಯವನಿಗೂ ಯಾರು ಯಾರೆಂದು ಗೊತ್ತಾಗುತ್ತಿತ್ತು. ಅಕ್ಕನಿಗೆ ಗೊತ್ತಾಗುತ್ತಿರಲಿಲ್ಲ. ಧನ್ಯಳನ್ನು ಮಾನ್ಯ ಎಂದು ಕರೆದರೆ ಆ ಮಗು ತಿರುಗಿ ನೋಡದೆ ಹೋಗಿಬಿಡುತ್ತಿತ್ತು. ಮಾನ್ಯಳನ್ನು ಧನ್ಯ ಎಂದರೆ ಅವಳು ಅಳುತ್ತಿದ್ದಳು. ಕೊನೆಗೆ ಮಗಳ ಅತ್ತೆ, ಅಕ್ಕನ ಬೀಗಿತ್ತಿ, ಒಂದು ಉಪಾಯ ಮಾಡಿದರು. ಮಾನ್ಯಳ ಬಲಗೈಗೆ ನೂಲು ಕಟ್ಟಿದರು. ನೂಲು ಬೇರೆ ಯಾವುದೂ ಅಲ್ಲ, ಮಗಳು ತವರಿನಿಂದ ಹೂ ಕಟ್ಟಲು ಒಯ್ದಿದ್ದ ಅಕ್ಕನದ್ದೇ ಬೀಡಿಯ ಕೆಂಪು ನೂಲು.

“ನಿಮಗೆ ಗೊತ್ತಾಗ್ಲಿ ಅಂತ ಕಟ್ಟಿದ್ದು ಮಾರಾಯ್ತಿ. ಬೇರೆ ಯಾರಿಗೂ ಬೇಕಾಗಿಲ್ಲ,” ಎಂದರಂತೆ ಬೀಗಿತ್ತಿ.

ಅದನ್ನು ನಮ್ಮ ಜಗಲಿಯಲ್ಲಿ ಹೇಳುವಾಗ ಅಕ್ಕ ನಕ್ಕರು. ಆ ದಿನ ಅವರ ಮೊರದಲ್ಲಿ ಎರಡು ಬೀಡಿ ಬಿಚ್ಚಿಕೊಂಡದ್ದನ್ನು ನಾನು ಬರೆದಿಟ್ಟಿದ್ದೇನೆ.

ಫೆಬ್ರವರಿ ೯, ಭಾನುವಾರ. ಶಾಲೆಯ ಲೈಬ್ರರಿಯಿಂದ ತಂದ ವಿಜ್ಞಾನ ಪತ್ರಿಕೆಯ ಒಂದು ಲೇಖನವನ್ನು ನಾನು ಜಗಲಿಯಲ್ಲಿ ಓದಿ ಹೇಳಿದೆ. ಅವರಿಗೆ ತುಳುವಿನಲ್ಲಿ ಹೇಳಬೇಕು. ಇಲ್ಲಿ ಬರೆದಿರುವ ಮಾತುಗಳೆಲ್ಲ ನಾವು ತುಳುವಿನಲ್ಲಿ ಆಡಿದ್ದು, ನಾನು ಕನ್ನಡಕ್ಕೆ ತಂದದ್ದು. ಲೇಖನದ ಸಾರ ಇಷ್ಟು. ಮಿದುಳಿನ ಒಳಗೆ, ಕಿವಿಯ ಮೇಲ್ಭಾಗದಿಂದ ಒಳಹೊಕ್ಕರೆ, ಕಡಲಕುದುರೆಯ ಹಾಗೆ ಬಾಗಿದ ಒಂದು ಸಣ್ಣ ಭಾಗ ಉಂಟು. ನೆನಪಿನ ಕೆಲಸ ಬಹಳಷ್ಟು ಅಲ್ಲಿ. ದೇಹ ಬೆಳೆದು ಮುಗಿದ ಮೇಲೂ ಅಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತವೆ. ಒಂದೇ ತರಹ ಕಾಣುವ ಎರಡನ್ನು ಬೇರೆ ಬೇರೆ ಎಂದು ಗುರುತಿಸಲು ಈ ಹೊಸ ಕೋಶಗಳು ನೆರವಾಗುತ್ತವೆ. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಹೆಚ್ಚಾದರೆ ಅವು ಹುಟ್ಟುವುದು ಕಡಿಮೆಯಾಗುತ್ತದೆ.

ಉಮ್ಮ ತಲೆ ಎತ್ತಲಿಲ್ಲ. “ನನ್ನ ತಲೆಯಲ್ಲಿ ಈಗ ಇರುವುದೇ ಸಾಕು. ಹೊಸತು ಹುಟ್ಟಿದರೆ ಅದಕ್ಕೂ ಚಿಂತೆ ನಾನೇ ಮಾಡ್ಬೇಕು.”

ಎಲ್ಲರೂ ನಕ್ಕರು. ಅಕ್ಕ ಮಾತ್ರ ಕತ್ತರಿ ಕೆಳಗಿಟ್ಟರು.

“ಸೇದದೆ ಬರೀ ಮುಟ್ಟಿದರೂ ಒಳಗೆ ಹೋಗ್ತದಾ ಟೀಚರೇ?”

“ಚರ್ಮದ ಮೂಲಕವೂ ಸ್ವಲ್ಪ ಹೋಗ್ತದೆ ಅಕ್ಕ. ಪುಡಿ ಮೂಗಿಗೂ ಹೋಗ್ತದೆ.”

ಅವರು ತಮ್ಮ ಬೆರಳ ತುದಿಗಳನ್ನು ನೋಡಿಕೊಂಡರು. ಹೆಬ್ಬೆರಳು ಮತ್ತು ತೋರುಬೆರಳು ಕಂದು ಬಣ್ಣಕ್ಕೆ ತಿರುಗಿ ಎಷ್ಟೋ ವರ್ಷ ಆಗಿತ್ತು.

“ಬಿಟ್ಟರೆ ಪುನಃ ಹುಟ್ಟುತ್ತದಾ?”

“ಹುಟ್ಟಬಹುದು,” ಎಂದೆ.

ಆಮೇಲೆ, ಲೆಕ್ಕ ಇಡುವುದು ನನಗೆ ಚಟವಾದ್ದರಿಂದ, ಅವರ ಮಗಳು ಕಳಿಸಿದ್ದ ಇಪ್ಪತ್ತು ಫೋಟೊಗಳನ್ನು ಮೊಬೈಲಿನಲ್ಲಿ ತೆಗೆದೆ. ಪ್ರತಿಯೊಂದರಲ್ಲೂ ಒಂದೇ ಮಗು. ಕೈ ಕಾಣದ ಹಾಗೆ ಬೆರಳಿನಿಂದ ಮುಚ್ಚಿ, ಯಾರು ಎಂದು ಒಂದೊಂದಾಗಿ ಕೇಳಿದೆ. ಹನ್ನೊಂದು ಸರಿ.

“ಹನ್ನೊಂದು ಒಳ್ಳೆದಲ್ವಾ?” ಎಂದರು.

ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಹತ್ತು ಸರಿಯಾಗುತ್ತದೆ ಎಂದು ನಾನು ಹೇಳಬಾರದಿತ್ತು. ಹೇಳಿದೆ.

ಫೆಬ್ರವರಿ ೧೭, ಸೋಮವಾರ. ಶಾಲೆಯಿಂದ ಬಂದಾಗ ಅಕ್ಕನ ಮೊರ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಎಲೆ, ಪುಡಿ, ನೂಲು ಎಲ್ಲವನ್ನೂ ಬೆಳಿಗ್ಗೆಯೇ ಬ್ರಾಂಚಿಗೆ ಹಿಂತಿರುಗಿಸಿ ಬಂದಿದ್ದರು. ಅವರು ಜಗಲಿಯ ತುದಿಯಲ್ಲಿ ಖಾಲಿ ಕೈ ಇಟ್ಟುಕೊಂಡು, ಯಾರದೋ ಮನೆಗೆ ಮೊದಲ ಸಲ ಬಂದವರ ಹಾಗೆ ಕೂತಿದ್ದರು.

“ಐವತ್ತಮೂರು ವರ್ಷ ಆಯ್ತಲ್ಲ, ಇನ್ನು ತಲೆಯ ಗದ್ದೆಯನ್ನು ಸ್ವಲ್ಪ ಬೀಳು ಬಿಡುವ,” ಎಂದು ಕಿವಿಯ ಮೇಲೆ ಎರಡು ಬೆರಳಿನಿಂದ ತಟ್ಟಿಕೊಂಡರು. “ಇಲ್ಲಿ ಅಲ್ವಾ ನೀನು ಹೇಳಿದ್ದು?”

ಅಂದಿನಿಂದ ದಿನಾ ಬೆಳಿಗ್ಗೆ ಏಳೂಕಾಲಿಗೆ, ನಾನು ಬಸ್ಸಿಗೆ ಹೊರಡುವಾಗ, ಅವರು ಅಂಗಳದ ಗಿಡ್ಡ ಗೋಡೆಯ ಆಚೆಯಿಂದ ಅದೇ ಜಾಗವನ್ನು ತಟ್ಟಿ ಕೇಳುತ್ತಿದ್ದರು. “ಇವತ್ತು ಎಷ್ಟು ಹುಟ್ಟಿತು, ಟೀಚರೇ?” ನಾನು ಬಾಯಿಗೆ ಬಂದ ಸಂಖ್ಯೆ ಹೇಳುತ್ತಿದ್ದೆ. ನಾಲ್ಕು. ಒಂಬತ್ತು. ಇವತ್ತು ರಜೆ ಅಕ್ಕ, ಹುಟ್ಟಲಿಲ್ಲ. ಅವರು ತೆಂಗಿನ ಬುಡಕ್ಕೆ ನೀರು ಬಿಡುತ್ತಾ ತಲೆಯಾಡಿಸುತ್ತಿದ್ದರು, ಭತ್ತದ ನೇಜಿ ಎಷ್ಟು ಎದ್ದಿದೆ ಎಂದು ಯಾರಾದರೂ ಹೇಳಿದರೆ ತಲೆಯಾಡಿಸುವ ಹಾಗೆ.

ಈಗ ನನ್ನ ತಪ್ಪಿನ ವಿಷಯ. ಲೇಖನದಲ್ಲಿ ಮೂರು ಸಾಲುಗಳನ್ನು ನಾನು ಅವರಿಗೆ ಹೇಳಿರಲಿಲ್ಲ. ಒಂದು, ಆ ಪ್ರಯೋಗ ಮಾಡಿದ್ದು ಇಲಿಗಳ ಮೇಲೆ. ಎರಡು, ನಿಕೋಟಿನ್ ನೇರವಾಗಿ ಅವುಗಳ ರಕ್ತಕ್ಕೆ ಹೋಗಿತ್ತು, ಬೆರಳ ತುದಿಯಿಂದಲ್ಲ. ಮೂರು, ವಯಸ್ಸಾದ ಮನುಷ್ಯರ ಮಿದುಳಿನಲ್ಲಿ ಹೊಸ ಕೋಶಗಳು ಹುಟ್ಟುತ್ತವೆಯೇ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲೇ ಇನ್ನೂ ಒಮ್ಮತ ಇಲ್ಲ. ಸುಳ್ಳು ಹೇಳಬೇಕೆಂದು ಬಿಟ್ಟದ್ದಲ್ಲ. ತರಗತಿಯಲ್ಲಿ ಕಷ್ಟದ ಸಾಲು ಬಂದಾಗ ಹಾರಿಸಿ, ಮಕ್ಕಳಿಗೆ ತಿಳಿಯುವಷ್ಟನ್ನು ಹೇಳುವ ಅಭ್ಯಾಸ. ತುಳುವಿಗೆ ತರುವಾಗ ಆ ಮೂರು ಸಾಲು ಕೆಳಗೆ ಬಿದ್ದವು, ಮೊರದಿಂದ ಪುಡಿ ಬೀಳುವ ಹಾಗೆ, ಶಬ್ದವಿಲ್ಲದೆ.

ಗೋಡೆಯಲ್ಲಿ ತೂಗುವ ಮೊರವನ್ನು ನೋಡಿದ ದಿನವೇ ನನಗೆ ಅದು ಹೊಳೆಯಿತು. ಹೇಳಿದ್ದು ಮಾರ್ಚ್ ೧೨ಕ್ಕೆ. ನಡುವೆ ಇಪ್ಪತ್ತಮೂರು ದಿನ. ಪ್ರತಿ ದಿನದ ಪುಟದ ಕೊನೆಗೆ “ಹೇಳಲಿಲ್ಲ” ಎಂದು ಬರೆದಿದ್ದೇನೆ. ಇಪ್ಪತ್ತಮೂರು ಸಲ.

ಆ ದಿನಗಳಲ್ಲಿ ಅವರ ಕೈಗಳನ್ನು ನೋಡುವುದು ಕಷ್ಟವಾಗಿತ್ತು. ಬಾಯಿ ಸುಮ್ಮನಿದ್ದರೂ ಹೆಬ್ಬೆರಳು ತೋರುಬೆರಳಿನ ಮೇಲೆ ಉರುಳುತ್ತಲೇ ಇರುತ್ತಿತ್ತು. ಸಿಕ್ಕಿದ್ದನ್ನೆಲ್ಲ ಸುತ್ತುತ್ತಿದ್ದರು, ಹಲಸಿನ ಎಲೆ, ಮಾತ್ರೆಯ ಚೀಟಿ, ಸೆರಗಿನ ತುದಿ. ಒಂದು ಭಾನುವಾರ ನಾನು ಅವರನ್ನು ಮೂಡುಬಿದಿರೆಗೆ ಕರೆದುಕೊಂಡು ಹೋದೆ. ಬಿ.ಸಿ. ರೋಡಿನಿಂದ ಬಸ್ಸು ಸಿದ್ಧಕಟ್ಟೆ ತಲುಪುವ ಹೊತ್ತಿಗೆ ನಮ್ಮ ಎರಡೂ ಟಿಕೆಟುಗಳು ಬೀಡಿಗಳಾಗಿದ್ದವು, ಸೀರೆಯಿಂದ ಎಳೆದ ದಾರ ಸುತ್ತಿ, ತುದಿ ಮಡಚಿ. ಟಿಕೆಟ್ ನೋಡಲು ಬಂದ ಕಂಡಕ್ಟರ್ ಅದನ್ನು ಬಿಚ್ಚಲು ಹೋಗಿ ಸೋತು, “ಏನಮ್ಮ, ಬೆಂಕಿ ಬೇಕಾ?” ಎಂದ. ಆ ತರಹದ ಹದಿನಾಲ್ಕು ಟಿಕೆಟುಗಳು ನನ್ನ ಹತ್ತಿರ ಉಂಟು. ಎಲ್ಲವೂ ಒಂದೇ ಉದ್ದ, ಒಂದೇ ದಪ್ಪ.

ಮಾರ್ಚ್ ೧೨ರ ಸಂಜೆ ಆರು ಗಂಟೆಗೆ ಅವರ ಅಡುಗೆಮನೆಯಲ್ಲಿ ನಿಂತು ಮೂರೂ ಸಾಲುಗಳನ್ನು ಹೇಳಿದೆ. ಅವರು ಗಂಜಿ ಬಸಿಯುತ್ತಿದ್ದರು.

“ಇಲಿಯಾ?” ಎಂದರು.

“ಹೌದು.”

“ಇಲಿಗೆ ಮೊಮ್ಮಕ್ಕಳನ್ನು ಗುರುತಿಸಲಿಕ್ಕೆ ಉಂಟಾ? ಅದರ ಮೊಮ್ಮಕ್ಕಳು ನೂರು.”

ನಾನು ನಗಲಿಲ್ಲ. ಅವರು ತಪ್ಪಲೆ ಕೆಳಗಿಟ್ಟು ಕೈ ಒರೆಸಿಕೊಂಡರು.

“ನೀನು ಹುಟ್ಟಬಹುದು ಅಂದದ್ದು. ಹುಟ್ಟುತ್ತದೆ ಅನ್ಲಿಲ್ಲ. ನಾನು ಕಿವುಡಿ ಅಲ್ಲ.” ತಪ್ಪಲೆಗೆ ಮುಚ್ಚಳ ಹಾಕಿ ಕೇಳಿದರು. “ಆ ಇಲಿಗಳಿಗೆ ಅದನ್ನು ನಿಲ್ಲಿಸಿದ ಮೇಲೆ ಏನಾಯ್ತು?”

“ಲೇಖನದಲ್ಲಿ ಇಲ್ಲ ಅಕ್ಕ.”

“ಇಲ್ವಾ? ಅದೇ ಅಲ್ವಾ ಮುಖ್ಯ? ಹಾಳಾಗುವುದು ಎಲ್ಲರಿಗೂ ಗೊತ್ತಾಗ್ತದೆ. ಬಿಟ್ಟ ಮೇಲೆ ಏನಾಯ್ತು ಅಂತ ಯಾರಾದರೂ ನೋಡ್ಬೇಕಲ್ಲ.”

ಮರುದಿನ ನಾನು ಅರ್ಧ ದಿನ ರಜೆ ಹಾಕಿ, ಅಕ್ಕನಿಗೆ ಕೆಲಸ ಪುನಃ ಕೊಡಿ ಎಂದು ಕೇಳಲು ಬ್ರಾಂಚಿಗೆ ಹೋದೆ. ಅಕ್ಕನ ಪಾಲಿನ ಎಲೆ ಆಗಲೇ ಬೇರೆಯವರಿಗೆ ಹೋಗಿತ್ತು. ಯಾರಾದರೂ ಬಿಟ್ಟು ಜಾಗ ಖಾಲಿಯಾದಾಗ ಹೇಳುತ್ತೇವೆ ಎಂದರು. ಇದನ್ನು ಅಕ್ಕನಿಗೆ ತಿಳಿಸಿದಾಗ ಅವರು ಗೋಡೆಯ ಮೊರವನ್ನು ಇಳಿಸಿ, ಅದರಲ್ಲಿ ಹಪ್ಪಳ ಒಣಗಲು ಹಾಕಿದರು. “ಸರಿ. ಹಾಗಾದರೆ ನೋಡುವುದು ನಾನೇ,” ಎಂದರು. ಮರುದಿನ ಏಳೂಕಾಲಿಗೆ ಎಂದಿನ ಹಾಗೆ ಕಿವಿಯ ಮೇಲೆ ತಟ್ಟಿಕೊಂಡರು. ಅದು ಕ್ಷಮೆ ಎಂದು ನಾನು ಬರೆದುಕೊಂಡೆ. ಪಕ್ಕದಲ್ಲಿ ಒಂದು ಪ್ರಶ್ನೆಯ ಗುರುತು ಉಂಟು.

ಫೋಟೊ ಪರೀಕ್ಷೆ ಪ್ರತಿ ಭಾನುವಾರ ನಡೆಯಿತು. ಪ್ರತಿ ಸಲ ಹೊಸ ಇಪ್ಪತ್ತು. ಮಾರ್ಚಿನಲ್ಲಿ ಒಂಬತ್ತು, ಹನ್ನೆರಡು, ಹತ್ತು, ಹತ್ತು, ಹನ್ನೊಂದು. ಏಪ್ರಿಲಿನ ಕೊನೆಗೆ ಹದಿಮೂರು. ಮೇಯಲ್ಲಿ ಎರಡು ಸಲ ಹದಿನಾಲ್ಕು. ಜೂನ್ ಒಂದಕ್ಕೆ ಹದಿನಾರು. ಏರಿದ್ದು ನಿಜ. ಆದರೆ ಬೀಡಿ ಬಿಟ್ಟ ಮೇಲೆ ಅಕ್ಕ ತಿಂಗಳಿಗೆ ನಾಲ್ಕು ಸಲ ಮೂಡುಬಿದಿರೆಗೆ ಹೋಗುತ್ತಿದ್ದರು, ಮೊದಲು ಹಬ್ಬಕ್ಕೆ ಮಾತ್ರ ಹೋಗುತ್ತಿದ್ದವರು. ದಿನಾ ವಿಡಿಯೊ ಕರೆಯಲ್ಲಿ ಮಕ್ಕಳನ್ನು ಗಂಟೆಗಟ್ಟಲೆ ನೋಡುತ್ತಿದ್ದರು. ಒಂದು ಪ್ರಯೋಗದಲ್ಲಿ ಎರಡು ಸಂಗತಿಗಳನ್ನು ಒಟ್ಟಿಗೆ ಬದಲಾಯಿಸಬಾರದು ಎಂದು ನಾನೇ ಎಂಟನೇ ತರಗತಿಗೆ ಪಾಠ ಮಾಡುತ್ತೇನೆ. ತಲೆಯ ಗದ್ದೆ ಚಿಗುರಿದ್ದೋ, ಕಣ್ಣಿಗೆ ಅಭ್ಯಾಸವಾದದ್ದೋ, ನನ್ನ ಪುಸ್ತಕದಿಂದ ಹೇಳಲು ಸಾಧ್ಯವಿಲ್ಲ.

ಜೂನ್ ೮, ಭಾನುವಾರ. ನಾವಿಬ್ಬರೂ ಮೂಡುಬಿದಿರೆಯಲ್ಲಿ. ಬೀಗಿತ್ತಿ ಮಕ್ಕಳಿಗೆ ಸ್ನಾನ ಮಾಡಿಸಿ, ಒಂದೇ ತರಹದ ಹಳದಿ ಅಂಗಿ ತೊಡಿಸಿ ಹೊರಗೆ ಬಿಟ್ಟಿದ್ದರು. ಒಬ್ಬಳು ಅಕ್ಕನ ತೊಡೆಯ ಮೇಲೆ ಹತ್ತಿ ಕೂತಳು. ಕೈಯಲ್ಲಿ ಕೆಂಪು ನೂಲು. ಎಲ್ಲರೂ ನೋಡುತ್ತಿದ್ದೆವು. ಅಕ್ಕ ನೂಲನ್ನು ನೋಡಿದರು. ಆಮೇಲೆ ಕಣ್ಣು ಮುಚ್ಚಿ ಮಗುವಿನ ಎಡಗೈಯನ್ನು ತಮ್ಮ ಕೈಗೆ ತೆಗೆದುಕೊಂಡು, ಒಂದೊಂದೇ ಬೆರಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉರುಳಿಸಿದರು. ಕಿರುಬೆರಳಿಗೆ ಬಂದಾಗ ನಿಂತರು.

“ಇವಳು ಧನ್ಯ,” ಎಂದರು.

“ಅಯ್ಯೋ ದೇವರೇ, ನೂಲು ಕಾಣುವುದಿಲ್ವಾ ನಿಮಗೆ? ನೂಲು ಕಟ್ಟಿದವಳು ಮಾನ್ಯ. ಇನ್ನೆಂತ ಬೋರ್ಡು ಬರೆದು ಹಾಕ್ಬೇಕಾ?” ಎಂದರು ಬೀಗಿತ್ತಿ.

ಅಳಿಯ ನಗು ತಡೆದುಕೊಂಡ. ನನಗೆ ನೆಲ ಬಿಟ್ಟು ಬೇರೆ ಎಲ್ಲೂ ನೋಡಲು ಆಗಲಿಲ್ಲ. ಈ ನಾಲ್ಕು ತಿಂಗಳು, ಆ ಖಾಲಿ ಕೈಗಳು, ಎಲ್ಲವೂ ಇದಕ್ಕೋ ಎನ್ನಿಸಿತು.

“ಇವಳು ಧನ್ಯ,” ಎಂದು ಅಕ್ಕ ಇನ್ನೊಮ್ಮೆ, ಮೊದಲಿಗಿಂತ ಮೆಲ್ಲಗೆ ಹೇಳಿದರು.

ಒಳಗಿಂದ ಮಗಳು ದೋಸೆಯ ಸಟ್ಟುಗ ಹಿಡಿದುಕೊಂಡೇ ಬಂದಳು. ಒಂದು ಸಲ ಮಗುವಿನ ಮುಖ ನೋಡಿದಳು. “ಧನ್ಯನೇ. ಅತ್ತೆ, ಸ್ನಾನಕ್ಕೆ ನೂಲು ಬಿಚ್ಚಿದ್ದಿರಾ?”

ಬಿಚ್ಚಿದ್ದರು. ಒದ್ದೆಯಾಗಬಾರದು ಎಂದು ಕಿಟಕಿಯ ಮೇಲಿಟ್ಟು, ಆಮೇಲೆ ಕೈಗೆ ಸಿಕ್ಕಿದ ಮಗುವಿಗೆ ಕಟ್ಟಿದ್ದರು. ನೂಲು ಕಟ್ಟಿದಂದಿನಿಂದ ಮನೆಯಲ್ಲಿ ಮಗಳೊಬ್ಬಳನ್ನು ಬಿಟ್ಟು ಉಳಿದವರೆಲ್ಲರೂ ಮುಖವನ್ನು ಬಿಟ್ಟು ನೂಲನ್ನೇ ನೋಡಲು ಶುರು ಮಾಡಿದ್ದರು. ಅದನ್ನು ಯಾರೂ ಗಮನಿಸಿರಲಿಲ್ಲ.

ಬೀಗಿತ್ತಿ ಕತ್ತರಿ ತಂದು ನೂಲು ಕತ್ತರಿಸಿದರು. ಅಕ್ಕನ ಎಲೆಗೆ ಎರಡು ದೋಸೆ ಹೆಚ್ಚು ಹಾಕಿದರು.

ವಾಪಸ್ ಬರುವ ಬಸ್ಸಿನಲ್ಲಿ ನಾನು ಪುಸ್ತಕ ತೆಗೆದೆ. “ಹೇಗೆ ಗೊತ್ತಾಯ್ತು?”

“ಧನ್ಯಳ ಕಿರುಬೆರಳು ತುದಿಯಲ್ಲಿ ಸ್ವಲ್ಪ ಬಿಗಿ. ಮಾನ್ಯಳದ್ದು ಸಡಿಲ, ಪುಡಿ ಕಡಿಮೆ ಆದ ಹಾಗೆ. ಕೈ ಹಿಡಿದು ನಡೆಸಿ ನಡೆಸಿ ಬೆರಳಿಗೆ ಗೊತ್ತಿತ್ತು. ಇಷ್ಟು ದಿನ ನಾನು ಕಣ್ಣಿನಲ್ಲಿ ನೋಡ್ತಾ ಇದ್ದೆ ಮಾರಾಯ್ತಿ. ನನಗೆ ಕಣ್ಣಿನ ಕೆಲಸ ಯಾವಾಗ ಇತ್ತು?”

ಐವತ್ತು ವರ್ಷ ಎಲ್ಲವನ್ನೂ ಒಂದೇ ಸಮ ಮಾಡಿ ಮಾಡಿ ಅವರಿಗೆ ವ್ಯತ್ಯಾಸವೇ ಕಾಣದಂತಾಗಿದೆ ಎಂದು ನಾನು ಒಂದು ಪುಟದಲ್ಲಿ ಬರೆದಿದ್ದೆ, ಬಹಳ ಜಾಣತನದಿಂದ. ಅದಕ್ಕೆ ಅಡ್ಡಗೆರೆ ಎಳೆದೆ. ಎಲೆಯ ನರದಷ್ಟು ವ್ಯತ್ಯಾಸವೂ ಬೆರಳಿಗೆ ತಿಳಿಯುತ್ತಿದ್ದುದರಿಂದಲೇ ಅವರ ಬೀಡಿಗಳು ಒಂದೇ ಸಮ ಬರುತ್ತಿದ್ದವು.

“ಹಾಗಾದರೆ ತಲೆಯಲ್ಲಿ ಹುಟ್ಟಿದ್ದಲ್ಲ,” ಎಂದೆ.

ಅವರು ನನ್ನ ಕಡೆ ತಿರುಗಿದರು. “ಬೆರಳಿನದ್ದು ತಲೆಗೆ ಹೋಗುವುದಿಲ್ವಾ, ಟೀಚರೇ?”

ನಾನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದೆ. ಕಿಟಕಿಯ ಆಚೆ ಗದ್ದೆಗಳಲ್ಲಿ ನೀರು ನಿಂತಿತ್ತು, ಅದರಲ್ಲಿ ಆಕಾಶ. ಅವರು ನನ್ನ ಭುಜಕ್ಕೆ ತಲೆ ಒರಗಿಸಿ ಮಲಗಿದರು. ಟಿಕೆಟ್ ಅವರ ಕೈಯಲ್ಲಿ ನೆಟ್ಟಗೆ, ಸುತ್ತದೆ, ಹಾಗೆಯೇ ಇತ್ತು. ಅದೊಂದನ್ನು ನಾನು ಬೇರೆಯಾಗಿ ಇಟ್ಟಿದ್ದೇನೆ.

ಆಮೇಲೆ ಅವರು ಫೋಟೊ ಪರೀಕ್ಷೆಗೆ ಒಪ್ಪಲಿಲ್ಲ. “ಪಾಸಾಯ್ತಲ್ಲ, ಇನ್ನೆಂತ?” ಏಳೂಕಾಲಿನ ಪ್ರಶ್ನೆಯನ್ನು ಮಾತ್ರ ನಿಲ್ಲಿಸಲಿಲ್ಲ. ಜುಲೈ ೭, ಸೋಮವಾರ, ಗೋಡೆಯ ಆಚೆಯಿಂದ ಅದು ಬರಲಿಲ್ಲ. ನಾನು ಏಳು ಇಪ್ಪತ್ತರವರೆಗೆ ಕಾದೆ. ಆಮೇಲೆ ಉಮ್ಮನನ್ನು ಕರೆದೆ. ನಿದ್ದೆಯಲ್ಲೇ ಹೋಗಿದ್ದರು. ಬಲಗೈ ಕಿವಿಯ ಪಕ್ಕದಲ್ಲಿತ್ತು.

ಈ ನಲವತ್ತೊಂದು ದಿನಗಳಲ್ಲಿ ಅವರು ನನ್ನ ಕನಸಿಗೆ ಐದು ಸಲ ಬಂದಿದ್ದಾರೆ. ಐದೂ ಸಲ ಒಂದೇ ಜಾಗ. ಮೊಣಕಾಲಿನವರೆಗೆ ನೀರಿರುವ ಒಂದು ಸಣ್ಣ ಬಾಗಿದ ಗದ್ದೆ. ಬೆಳಕು ನಾಲ್ಕು ಗಂಟೆಯದು, ಅದರಲ್ಲಿ ಬಂಗಾರದ ಪುಡಿ ತೇಲುತ್ತಿರುತ್ತದೆ. ಅಕ್ಕ ಬಗ್ಗಿ ಏನನ್ನೋ ಮುಟ್ಟಿ ಮುಟ್ಟಿ ನೋಡುತ್ತಾ ಹೋಗುತ್ತಾರೆ, ಎರಡು ಬೆರಳಿನಿಂದ. ಚಿಗುರೋ ಖಾಲಿ ನೀರೋ ದಡದಿಂದ ಕಾಣುವುದಿಲ್ಲ. ನಾನು ಕೂಗುತ್ತೇನೆ. ಅವರು ಎಣಿಸುತ್ತಿರುವಾಗ ಮಾತಾಡಿಸಬಾರದು ಎಂಬ ಹಾಗೆ ಕೈ ಎತ್ತುತ್ತಾರೆ.

ಈಗ ಒಂಬತ್ತು ಗಂಟೆ ಹತ್ತು ನಿಮಿಷ. ಜಗಲಿಯಲ್ಲಿ ಕತ್ತರಿಯ ಶಬ್ದ ಶುರುವಾಗಿದೆ. ಉಮ್ಮ ಎಲೆ ಕತ್ತರಿಸುತ್ತಿದ್ದಾಳೆ. ಹೋದ ವಾರ ಅವಳು, ನನ್ನನ್ನು ನೋಡದೆ, ಕೇಳಿದಳು. “ಅಕ್ಕನಿಗೆ ಕೊನೆಗೆ ಹುಟ್ಟಿತಾ, ಇಲ್ವಾ? ನಿನ್ನ ಪುಸ್ತಕದಲ್ಲಿ ಎಂತ ಉಂಟು?” ಅವಳಿಗೆ ಐವತ್ತೆರಡು. ಅವಳ ಬೆರಳೂ ಕಂದು. ಈ ಸಲ ಒಂದು ಸಾಲನ್ನೂ ಹಾರಿಸದೆ ಹೇಳಬೇಕು ಎಂದುಕೊಂಡಿದ್ದೇನೆ. ಹೇಳಲು ನನ್ನ ಹತ್ತಿರ ಸಾಲೇ ಇಲ್ಲ.

ಫೆಬ್ರವರಿ ೯ರ ಪುಟದಲ್ಲಿ ಹೀಗೆ ಉಂಟು. “ಅಕ್ಕ ಕೇಳಿದ್ದು: ಬಿಟ್ಟರೆ ಪುನಃ ಹುಟ್ಟುತ್ತದಾ? ಉತ್ತರ:” ಅದರ ಕೆಳಗೆ ಎರಡು ಗೆರೆ ಖಾಲಿ. ಮಿದುಳಿನ ಬಗ್ಗೆ ಕಲಿತವರು, ವೈದ್ಯರು, ಅಥವಾ ತುಂಬಾ ವರ್ಷ ಬೀಡಿ ಸುತ್ತಿ ಬಿಟ್ಟವರು, ಬಿಟ್ಟ ಮೇಲೆ ಏನಾಯಿತೆಂದು ತಿಳಿದಿದ್ದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಿರಿ. ಇಲಿಯದಾದರೆ ಇಲಿಯದೆಂದೇ ಬರೆಯಿರಿ. ಗೊತ್ತಿಲ್ಲ ಎಂಬುದೇ ಉತ್ತರವಾದರೆ ಅದನ್ನೂ ಬರೆಯಿರಿ. ಎರಡು ಗೆರೆಗೆ ಅಷ್ಟು ಸಾಕು. ಉಮ್ಮನಿಗೆ ನಾನು ಓದಿ ಹೇಳುತ್ತೇನೆ.